ಯುದ್ಧಕಾಲದ ಇಂಗ್ಲಿಷ್ ಕಾದಂಬರಿ ಪ್ರತಿಗಳು: ಕಲಬುರಗಿ ಸೀಮೆಯಲ್ಲಿ ಹುಡುಕುವುದು, ಕಾಲ ಗುರುತಿಸುವುದು, ಬೆಲೆ ಕಟ್ಟುವುದು

"ಹಳೇ ಮನೆ ಒಡೆಯುವಾಗ ಅಟ್ಟದ ಮೇಲೆ ಡಿಕನ್ಸ್‌ನ ಕಾದಂಬರಿ ಸಿಕ್ಕಿದೆ, 1860 ಅಂತ ಇದೆ, ಎಷ್ಟು ಬಂದೀತು?" ಈ ಪ್ರಶ್ನೆ ಕಲಬುರಗಿಯಿಂದ, ಬೀದರಿನಿಂದ, ಶಹಾಪುರದಿಂದ ಬರುತ್ತಲೇ ಇರುತ್ತದೆ. ಫೋಟೊ ತರಿಸಿ ನೋಡಿದರೆ ಬಹುತೇಕ ಸಲ ಅದು 1860ರ ಪುಸ್ತಕವಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ತೆಳ್ಳನೆ ಕಾಗದದ ಮೇಲೆ ಅಚ್ಚಾದ ಅಗ್ಗದ ಮರುಮುದ್ರಣ. ಹಣದ ಲೆಕ್ಕದಲ್ಲಿ ಅದು ದೊಡ್ಡ ಆಸ್ತಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಲಂಡನ್ನಿನಿಂದ ನಿಜಾಮರ ರಾಜ್ಯದ ಒಂದು ಮನೆಗೆ ಆ ಪ್ರತಿ ಬಂದ ದಾರಿ ಅದರ ಮೈಮೇಲೆಯೇ ಅಚ್ಚೊತ್ತಿರುತ್ತದೆ. ನಮ್ಮ ಕಡೆ ಸಿಗುವ ಪ್ರತಿಗಳ ಸ್ವಾರಸ್ಯ ಅಲ್ಲಿದೆ, ಹೆಚ್ಚಿನವರು ಉಜ್ಜಿ ತೆಗೆದು ಹಾಳುಮಾಡುವುದೂ ಅದನ್ನೇ.

ಯುದ್ಧಕಾಲದ ಪ್ರತಿ ಎಂದರೆ ಯಾವುದು

ಬ್ರಿಟನ್ನಿನ ಕಾಗದದ ಗಿರಣಿಗಳಿಗೆ ಮರದ ತಿರುಳು ಸ್ಕ್ಯಾಂಡಿನೇವಿಯಾದಿಂದಲೂ ಎಸ್ಪಾರ್ಟೊ ಎಂಬ ಹುಲ್ಲು ಉತ್ತರ ಆಫ್ರಿಕಾದಿಂದಲೂ ಬರುತ್ತಿತ್ತು. 1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಗೆ ನುಗ್ಗಿತು, ಜೂನ್‌ನಲ್ಲಿ ಫ್ರಾನ್ಸ್ ಕೈಚೆಲ್ಲಿತು, ಎರಡೂ ದಾರಿ ಬಂದಾದವು. ಪ್ರಕಾಶಕರಿಗೆ ಕಾಗದದ ರೇಷನ್ ಶುರುವಾದದ್ದೂ ಆ ವರ್ಷವೇ. ಯುದ್ಧಕ್ಕೆ ಮುಂಚಿನ ಬಳಕೆಯ ಶೇ. 60 ಎಂದು ಆರಂಭವಾದದ್ದು ಮುಂದೆ ಶೇ. 37.5ಕ್ಕೆ ಇಳಿಯಿತು. 1940ರ ಡಿಸೆಂಬರ್ 29ರ ರಾತ್ರಿ ಲಂಡನ್ನಿನ ಪುಸ್ತಕಪೇಟೆ ಪ್ಯಾಟರ್‌ನಾಸ್ಟರ್ ರೋ ಬಾಂಬಿಗೆ ಸಿಕ್ಕಿ ಅಂದಾಜು 50 ಲಕ್ಷ ಪುಸ್ತಕ ಬೂದಿಯಾದವು. ಇತ್ತ ಓದುವವರು ಹೆಚ್ಚಾಗಿದ್ದರು. ರಾತ್ರಿ ದೀಪ ಮುಚ್ಚಿ ಮನೆಯೊಳಗೆ ಕೂತವರಿಗೆ, ಸೇನಾ ಶಿಬಿರಗಳಲ್ಲಿ ಕಾಲ ಕಳೆಯುತ್ತಿದ್ದ ಸೈನಿಕರಿಗೆ ದಪ್ಪ ದಪ್ಪ ಹಳೆಯ ಕಾದಂಬರಿಗಳೇ ಬೇಕಿದ್ದವು. ಟ್ರೊಲಪ್‌ನಂಥ, ಜನ ಮರೆತಿದ್ದ ಲೇಖಕನಿಗೂ ಆಗ ಮತ್ತೆ ಬೇಡಿಕೆ ಬಂತು.

1942ರ ಜನವರಿ 1ರಿಂದ ಬ್ರಿಟಿಷ್ ಪ್ರಕಾಶಕರು ಸರ್ಕಾರದೊಡನೆ ಒಂದು ಒಪ್ಪಂದಕ್ಕೆ ಒಳಪಟ್ಟರು. ಅಕ್ಷರ ಎಷ್ಟು ಸಣ್ಣದಿರಬೇಕು, ಪುಟದ ಅಂಚು ಎಷ್ಟು ಕಿರಿದಿರಬೇಕು, ಕಾಗದ ಎಷ್ಟು ಹಗುರ, ರಟ್ಟು ಎಷ್ಟು ತೆಳು, ಎಲ್ಲಕ್ಕೂ ಕಟ್ಟುಪಾಡು. ಇದನ್ನು 'ವಾರ್ ಎಕಾನಮಿ ಸ್ಟ್ಯಾಂಡರ್ಡ್', ಅಂದರೆ ಯುದ್ಧಕಾಲದ ಮಿತವ್ಯಯದ ಮಟ್ಟ ಎನ್ನುತ್ತಾರೆ. ಹಾಗಾಗಿ ಕಾಗದ ಕಳಪೆ, ಅಂಚು ಇಲ್ಲವೇ ಇಲ್ಲ ಎಂದು ಪ್ರತಿಯನ್ನು ತಳ್ಳಿಹಾಕಬೇಡಿ. ಅದು ಕಳಪೆ ಇರಬೇಕಾದ್ದೇ.

ಹಂತ 1: ಕೈಯಲ್ಲಿ ಇರಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದು ತೋರಿಸುವ ಪುಟ್ಟ ಭೂತಗನ್ನಡಿ, ಮೆತ್ತನೆ ಕೂದಲಿನ ಬ್ರಷ್, ಅಳತೆಪಟ್ಟಿ, 2ಬಿ ಪೆನ್ಸಿಲ್, ಮೊಬೈಲಿನ ಟಾರ್ಚ್. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ರದ್ದಿಯ ಧೂಳು ಒಳ್ಳೆಯದಲ್ಲ. ಕೈಗವಸು ಬೇಕಿಲ್ಲ. ಅದನ್ನು ಹಾಕಿಕೊಂಡರೆ ಬೆರಳಿಗೆ ಸ್ಪರ್ಶ ಗೊತ್ತಾಗದೆ ಪುಟ ಹರಿಯುವುದೇ ಹೆಚ್ಚು. ಕೈ ತೊಳೆದು ಒರೆಸಿಕೊಂಡರೆ ಸಾಕು.

ಹಂತ 2: ಎಲ್ಲಿ ಹುಡುಕುವುದು

ಕಲಬುರಗಿಯಲ್ಲಿ ರದ್ದಿ ಅಂಗಡಿಗಳೇ ಮೊದಲ ಠಿಕಾಣಿ. ಏಪ್ರಿಲ್, ಮೇ ತಿಂಗಳಲ್ಲಿ ಹೋಗಬೇಡಿ. ಪರೀಕ್ಷೆ ಮುಗಿದು ಗೈಡುಗಳ ರಾಶಿಯೇ ಬಿದ್ದಿರುತ್ತದೆ. ದಸರೆ, ದೀಪಾವಳಿಗೆ ಮುಂಚೆ ಮನೆ ತೊಳೆದು ಸುಣ್ಣ ಬಳಿಯುವ ವಾರಗಳಲ್ಲಿ ಅಟ್ಟದ ಮೇಲಿನ ಗಂಟುಗಳು ಕೆಳಗಿಳಿಯುತ್ತವೆ. ಅಂಗಡಿಯಾತನಿಗೆ ಮೊದಲೇ ಹೇಳಿಟ್ಟಿರಿ.

"ಅಣ್ಣಾ, ಹಳೇ ಇಂಗ್ಲಿಷ್ ಕಾದಂಬರಿ ಏನರ ಬಂದಾವೇನ್ರಿ?"

"ಬಂದಾವ್ರಿ ಸರ್. ಆದರ ಗಂಟ ಬಿಚ್ಚಂಗಿಲ್ಲ. ತೂಕಕ್ಕ ಒಯ್ಯೂದಿದ್ರ ಒಯ್ರಿ."

ಇಂಥ ಮಾತಿಗೆ ಸಿಟ್ಟಾಗದೆ ಗಂಟನ್ನೇ ಕೊಳ್ಳಿ, ಬೇಡದ್ದನ್ನು ಅಲ್ಲೇ ವಾಪಸು ಕೊಡಿ. ಅವನಿಗೂ ಖುಷಿ, ನಿಮಗೂ ಮುಂದಿನ ಸಲದ ದಾರಿ ತೆರೆದಿರುತ್ತದೆ. 'ಆಂಟಿಕ್' ಎಂಬ ಪದ ಮಾತ್ರ ಬಾಯಿಂದ ಬರಕೂಡದು. ಬಂದರೆ ಕೆಜಿ ಲೆಕ್ಕ ಮುಗಿದು ಪುಸ್ತಕದ ಲೆಕ್ಕ ಶುರುವಾಗುತ್ತದೆ.

ಬೀದರಿನವರಿಗೆ ಹೈದರಾಬಾದ್ ಹತ್ತಿರ. ಭಾನುವಾರ ಬೆಳಿಗ್ಗೆ ಆಬಿಡ್ಸ್‌ನ ಫುಟ್‌ಪಾತ್ ಮೇಲೆ ಹರಡುವ ಹಳೆಯ ಪುಸ್ತಕಗಳಲ್ಲಿ ಯುದ್ಧಕಾಲದ ಪ್ರತಿ ಸಿಗುವ ಸಂಭವ ನಮ್ಮ ಊರುಗಳಿಗಿಂತ ಹೆಚ್ಚು. ಸಿಕಂದರಾಬಾದ್ ಸೇನೆಯ ದೊಡ್ಡ ದಂಡುಪ್ರದೇಶ. ಬ್ರಿಟಿಷ್ ಪಡೆಗಳು ಬಿಟ್ಟುಹೋದ ಸೇನಾ ಆವೃತ್ತಿಗಳು ಆ ಭಾಗದಲ್ಲೇ ಕೈಯಿಂದ ಕೈಗೆ ಸುತ್ತಿವೆ. ಯಾದಗಿರಿಯವರಿಗೆ ನನ್ನ ಸಲಹೆ ಅಂಗಡಿಯಲ್ಲ, ಮನೆಗಳು. ಹಳೆಯ ವಕೀಲರ, ಶಿಕ್ಷಕರ, ರೈಲ್ವೆ ನೌಕರರ ಮನೆಗಳಲ್ಲಿ ಕೇಳಿ ನೋಡಿ.

ಒಂದು ಎಚ್ಚರಿಕೆ ಇದೆ. ಗ್ರಂಥಾಲಯದ ಮೊಹರು ಇರುವ ಪುಸ್ತಕದಲ್ಲಿ 'ತೆಗೆದುಹಾಕಲಾಗಿದೆ' ಎಂಬ ಅರ್ಥದ ಎರಡನೇ ಮೊಹರೂ ಇದೆಯೇ ನೋಡಿ. ಇಲ್ಲದಿದ್ದರೆ, ಆ ಗ್ರಂಥಾಲಯ ಇನ್ನೂ ನಡೆಯುತ್ತಿದ್ದರೆ, ಮೊದಲು ಅಲ್ಲಿ ವಿಚಾರಿಸಿ. ಕದ್ದ ಮಾಲು ಎಷ್ಟೇ ಹಳೆಯದಾದರೂ ಕದ್ದ ಮಾಲೇ.

ಹಂತ 3: ಕಾಲ ಗೊತ್ತುಮಾಡಿಕೊಳ್ಳುವುದು

ಮೊದಲು ಬಿಡಿಸಬೇಕಾದ್ದು ಶೀರ್ಷಿಕೆ ಪುಟದ ಬೆನ್ನಿನ ಪುಟ. ಮುದ್ರಣದ ಇತಿಹಾಸ ಅಲ್ಲಿರುತ್ತದೆ. ಮೇಲಿನ ಸಾಲಿನಲ್ಲಿ ಕಾದಂಬರಿ ಮೊದಲು ಬಂದ ವರ್ಷ, ನಂತರ ಈ ಮಾಲೆಯಲ್ಲಿ ಬಂದ ವರ್ಷ, ಆಮೇಲೆ ಮರುಮುದ್ರಣದ ವರ್ಷಗಳ ಸಾಲು. ನಿಮ್ಮ ಕೈಯಲ್ಲಿರುವ ಪ್ರತಿಯ ವರ್ಷ ಕೊನೆಯದು. 1860 ಎಂದು ಮೋಸಹೋಗುವುದು ಮೊದಲ ಸಾಲನ್ನಷ್ಟೇ ಓದುವುದರಿಂದ. ಎವ್ರಿಮನ್ಸ್ ಲೈಬ್ರರಿಯ ಮಾಲೆ ಶುರುವಾದದ್ದೇ 1906ರಲ್ಲಿ. ಅದಕ್ಕಿಂತ ಹಳೆಯ ಎವ್ರಿಮನ್ ಪ್ರತಿ ಇರಲು ಸಾಧ್ಯವೇ ಇಲ್ಲ. ವರ್ಷ ರೋಮನ್ ಅಂಕಿಯಲ್ಲಿದ್ದರೆ ಗಾಬರಿ ಬೇಡ: 'ಎಂಸಿಎಂಎಕ್ಸ್‌ಎಲ್' ಎಂದು ಶುರುವಾದರೆ ಅದು 1940ರ ದಶಕ.

ಎರಡನೆಯದಾಗಿ ಪ್ರಾಣಿಯ ಗುರುತು ಹುಡುಕಿ. ತೆರೆದ ಪುಸ್ತಕದ ಮೇಲೆ ಕೂತ ಸಿಂಹ, ಸುತ್ತ ಯುದ್ಧಕಾಲದ ಮಿತವ್ಯಯದ ಮಾತು, ಇದು ಬ್ರಿಟಿಷ್ ಗುರುತು. ಕಾಲುಗುರಿನಲ್ಲಿ ಪುಸ್ತಕ ಹಿಡಿದ ಹದ್ದು, ಪುಸ್ತಕಗಳು ವಿಚಾರಗಳ ಯುದ್ಧದ ಆಯುಧ ಎಂಬ ಘೋಷಣೆ, ಇದು ಅಮೆರಿಕದ್ದು. ಕೆಲವು ಬ್ರಿಟಿಷ್ ಪ್ರಕಾಶಕರು ಸಿಂಹವನ್ನು ಬಿಟ್ಟು, ಅಧಿಕೃತ ಮಿತವ್ಯಯದ ಮಟ್ಟಕ್ಕೆ ಅನುಗುಣವಾಗಿ ತಯಾರಿಸಿದೆ ಎಂಬ ಒಂದು ಸಾಲನ್ನಷ್ಟೇ ಹಾಕಿದ್ದಾರೆ. ಅದೂ ಸರಿಯೇ.

ಸಿಂಹ ಕಂಡ ಕೂಡಲೇ 'ಯುದ್ಧಕಾಲದ್ದು' ಎಂದು ತೀರ್ಮಾನಿಸುವುದೂ ತಪ್ಪು. ಯುದ್ಧ ಮುಗಿದರೂ ಕಾಗದದ ರೇಷನ್ 1949ರವರೆಗೆ ಮುಗಿಯಲಿಲ್ಲ. 1946, 1947ರ ಪ್ರತಿಗಳ ಮೇಲೂ ಸಿಂಹ ಕೂತಿರುತ್ತದೆ. ಮಾರುವವರು ಸಿಂಹ ತೋರಿಸುತ್ತಾರೆ, ನೀವು ವರ್ಷ ನೋಡಿ. ತಿರುವಿ ಹೇಳುವುದಾದರೆ 1940, 1941ರ ಪ್ರತಿಗಳಲ್ಲಿ ಸಿಂಹ ಇರುವುದಿಲ್ಲ, ಏಕೆಂದರೆ ಒಪ್ಪಂದವೇ ಆಗಿರಲಿಲ್ಲ. ಸಿಂಹವಿಲ್ಲದ 1941ರ ಪ್ರತಿ ನೂರಕ್ಕೆ ನೂರು ಯುದ್ಧಕಾಲದ್ದೇ.

ನೆಲ್ಸನ್ ಕ್ಲಾಸಿಕ್ಸ್, ಕಾಲಿನ್ಸ್ ಕ್ಲಾಸಿಕ್ಸ್ ಮಾಲೆಯ ಎಷ್ಟೋ ಪ್ರತಿಗಳಲ್ಲಿ ಇಸವಿಯೇ ಇರುವುದಿಲ್ಲ. ಆಗ ಕಾಗದ, ಅಂಚು, ಹಿಂಬದಿಯ ಜಾಹೀರಾತು, ಕೊಂಡವರು ಬರೆದ ತಾರೀಖು, ಇವನ್ನೆಲ್ಲ ಕೂಡಿಸಿ ತಾಳೆ ನೋಡಬೇಕು. ಅಕ್ಷರದ ಶೈಲಿಯನ್ನು ನಂಬಬೇಡಿ. ಹಳೆಯ ಸೀಸದ ಅಚ್ಚುಫಲಕಗಳನ್ನೇ ದಶಕಗಟ್ಟಲೆ ಮತ್ತೆ ಮತ್ತೆ ಬಳಸುತ್ತಿದ್ದರು, ಹಾಗಾಗಿ 1943ರ ಪ್ರತಿಯ ಅಕ್ಷರ 1910ರದ್ದರಂತೆ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಸವೆದ 'ಇ', ಮುರಿದ ಬಾಲದ 'ವೈ' ಕಾಣಿಸುತ್ತವೆ. ಅಕ್ಷರ ಹಳೆಯದು, ಕಾಗದ ಹೊಸದು.

ಇನ್ನು ಬಗೆಗಳು. ನಮ್ಮ ಕಡೆ ಸಿಗುವ ಸಾಧ್ಯತೆ ಹೆಚ್ಚಿರುವವನ್ನಷ್ಟೇ ಹೇಳುತ್ತೇನೆ.

ಪೆಂಗ್ವಿನ್: ಕಾಗದದ ಹೊದಿಕೆಯ ಚಿಕ್ಕ ಪುಸ್ತಕ, ಕಾದಂಬರಿಗೆ ಕಿತ್ತಳೆ ಬಣ್ಣ. 1935ರಲ್ಲಿ 6 ಪೆನ್ನಿಗೆ ಶುರುವಾಗಿ ಯುದ್ಧದ ನಡುವೆ 9 ಪೆನ್ನಿಗೆ ಏರಿತು. ಯುದ್ಧಕಾಲದ ಪ್ರತಿಗಳಲ್ಲಿ ದಾರದ ಹೊಲಿಗೆಯ ಬದಲು ತಂತಿಯ ಪಿನ್ನು, ಒಳಗೂ ಹಿಂಬದಿಯಲ್ಲೂ ಸಾಬೂನು, ಚಾಕೊಲೇಟಿನಂಥ ಜಾಹೀರಾತು ಸಿಗುತ್ತವೆ. ಓದಿದ ಮೇಲೆ ಪೋಸ್ಟ್ ಆಫೀಸಿಗೆ ಕೊಡಿ, ಸೈನಿಕರೂ ಓದಲಿ ಎಂಬ ಸೂಚನೆ ಇದ್ದರೆ ಇನ್ನೂ ಗಟ್ಟಿ ಸಾಕ್ಷಿ. 'ಪೆಂಗ್ವಿನ್ ಕ್ಲಾಸಿಕ್ಸ್' ಎಂಬ ಪ್ರತ್ಯೇಕ ಮಾಲೆ ಶುರುವಾದದ್ದು 1946ರಲ್ಲಿ, ಅದನ್ನು ಯುದ್ಧಕಾಲದ್ದೆಂದು ಕೊಳ್ಳಬೇಡಿ.

ಸರ್ವಿಸಸ್ ಎಡಿಷನ್: ಸೈನಿಕರಿಗೆಂದೇ ಅಚ್ಚಾದ ಬ್ರಿಟಿಷ್ ಪ್ರತಿಗಳು. ಗಿಲ್ಡ್ ಬುಕ್ಸ್, ಕಾಲಿನ್ಸ್ ಮುಂತಾದವರು ತಂದದ್ದು. ಹೊದಿಕೆಯ ಮೇಲೆಯೇ ಆ ಮಾತು ಇರುತ್ತದೆ. ತುಂಬ ಓದಿಸಿಕೊಂಡು ಜೀರ್ಣವಾಗಿರುವುದರಿಂದ ಚೆನ್ನಾಗಿರುವ ಪ್ರತಿ ಅಪರೂಪ.

ಆರ್ಮ್ಡ್ ಸರ್ವಿಸಸ್ ಎಡಿಷನ್: ಇದು ಅಮೆರಿಕದ್ದು, 1943ರಿಂದ 1947ರವರೆಗೆ 1,322 ಶೀರ್ಷಿಕೆ, 12 ಕೋಟಿಗೂ ಹೆಚ್ಚು ಪ್ರತಿ. ಎತ್ತರಕ್ಕಿಂತ ಅಗಲ ಹೆಚ್ಚು, ಪುಟಕ್ಕೆ ಎರಡು ಕಾಲಂ. ಪತ್ರಿಕೆ ಅಚ್ಚುಹಾಕುವ ಯಂತ್ರದಲ್ಲಿ ಎರಡೆರಡು ಪುಸ್ತಕ ಒಟ್ಟಿಗೆ ಮುದ್ರಿಸಿ ನಡುವೆ ಕತ್ತರಿಸಿದ್ದರಿಂದ ಈ ಆಕಾರ. ಸೈನಿಕನ ಜೇಬಿಗೂ ಹಿಡಿಸುತ್ತಿತ್ತು. ಹೊದಿಕೆಯ ಮೇಲೆ ಮೂಲ ಪುಸ್ತಕದ ಜಾಕೆಟ್ಟಿನ, ಅಂದರೆ ರಟ್ಟಿನ ಮೇಲೆ ಸುತ್ತಿದ ಬಿಡಿ ಕಾಗದದ ಹೊದಿಕೆಯ, ಪುಟ್ಟ ಚಿತ್ರ ಇರುತ್ತದೆ. ಹೆಚ್ಚಿನವು ಪೂರ್ಣ ಪಠ್ಯ, ಕೆಲವನ್ನು ಸಂಕ್ಷೇಪಿಸಿದ್ದಾರೆ. ಹೊದಿಕೆ ಓದಿ ಕೊಳ್ಳಿ.

ರಟ್ಟಿನ ಪ್ರತಿಗಳಲ್ಲಿ ಎವ್ರಿಮನ್, ವರ್ಲ್ಡ್ಸ್ ಕ್ಲಾಸಿಕ್ಸ್, ನೆಲ್ಸನ್, ಕಾಲಿನ್ಸ್ ಹೆಚ್ಚು. ಇಲ್ಲೊಂದು ಉಪಯುಕ್ತ ಲೆಕ್ಕವಿದೆ. ಆಗಿನ ಬ್ರಿಟಿಷ್ ಕಾಯ್ದೆಯಲ್ಲಿ ಲೇಖಕ ತೀರಿಕೊಂಡು 50 ವರ್ಷದವರೆಗೆ ಹಕ್ಕುಸ್ವಾಮ್ಯ. ಡಿಕನ್ಸ್ 1870ರಲ್ಲೇ ಹೋದ, ಅವನನ್ನು ಯಾರು ಬೇಕಾದರೂ ಅಚ್ಚುಹಾಕಬಹುದಿತ್ತು, ಹಾಗಾಗಿ ಅವನ ಪ್ರತಿಗಳು ರಾಶಿ ರಾಶಿ. ಹಾರ್ಡಿ ಹೋದದ್ದು 1928ರಲ್ಲಿ, ಯುದ್ಧಕಾಲದಲ್ಲಿ ಅವನ ಹಕ್ಕು ಇನ್ನೂ ಜೀವಂತ. ಹಾರ್ಡಿಯ ಕಾದಂಬರಿ ಮುಖ್ಯವಾಗಿ ಮ್ಯಾಕ್‌ಮಿಲನ್ ಹೆಸರಿನಲ್ಲೇ ಸಿಗುವುದು ಅದಕ್ಕೇ.

ಹಂತ 4: ನಮ್ಮ ಸೀಮೆಯ ಗುರುತುಗಳನ್ನು ಓದುವುದು

ಇಂಗ್ಲೆಂಡಿನ ಸಂಗ್ರಾಹಕರ ಯಾವ ಕೈಪಿಡಿಯೂ ನಿಮಗೆ ಹೇಳಿಕೊಡದ ಭಾಗ ಇದು. 1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ, ಬೀದರ್ ನಿಜಾಮರ ಹೈದರಾಬಾದ್ ರಾಜ್ಯದ ಜಿಲ್ಲೆಗಳು, ಯಾದಗಿರಿ ಕಲಬುರಗಿ ಜಿಲ್ಲೆಯೊಳಗೇ ಇತ್ತು. ಇಲ್ಲಿ ಕಾಲಗಣನೆಯೂ ಬೇರೆ, ನಾಣ್ಯವೂ ಬೇರೆ.

ಶಾಲೆ, ಕಚೇರಿ, ಗ್ರಂಥಾಲಯದ ಮೊಹರಿನಲ್ಲಿ ಉರ್ದು ಅಂಕಿಯಲ್ಲಿ 1352 ಎಂದಿದ್ದರೆ ಅದು ಫಸಲಿ ವರ್ಷ ಇರಬಹುದು. ಫಸಲಿ ಎಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ, ಹೈದರಾಬಾದಿನಲ್ಲಿ ಅದು ಅಕ್ಟೋಬರ್‌ನಲ್ಲಿ ಶುರುವಾಗುತ್ತಿತ್ತು. 590 ಕೂಡಿಸಿದರೆ ಶುರುವಾದ ಇಂಗ್ಲಿಷ್ ವರ್ಷ ಸಿಗುತ್ತದೆ. 1352 ಫಸಲಿ ಎಂದರೆ 1942ರ ಅಕ್ಟೋಬರ್‌ನಿಂದ 1943ರ ಅಕ್ಟೋಬರ್‌ವರೆಗೆ. ಹಿಜರಿಯೊಂದಿಗೆ ಬೆರೆಸಿಕೊಂಡರೆ ಲೆಕ್ಕ ಕೆಡುತ್ತದೆ. 1361 ಹಿಜರಿ ಎಂದರೆ 1942, 1361 ಫಸಲಿ ಎಂದರೆ 1951–52. ಅಂಕಿಯ ಪಕ್ಕ 'ಫೆ' ಅಕ್ಷರ ಇದ್ದರೆ ಫಸಲಿ, 'ಹೆ' ಇದ್ದರೆ ಹಿಜರಿ. ಉರ್ದು ಓದಲು ಬಾರದಿದ್ದರೆ ಓಣಿಯಲ್ಲಿ ಬಲ್ಲ ಹಿರಿಯರಿಗೆ ತೋರಿಸಿ, ಈ ಊರುಗಳಲ್ಲಿ ಅಂಥವರಿಗೆ ಬರವಿಲ್ಲ. ನೆನಪಿಡಿ, ಉರ್ದು ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿ ಎಡದಿಂದ ಬಲಕ್ಕೇ.

ಮೊಹರು ಹೇಳುವುದು ಇಷ್ಟೇ: ಆ ದಿನಕ್ಕಾಗಲೇ ಪುಸ್ತಕ ಅಚ್ಚಾಗಿತ್ತು. ಆ ವರ್ಷವೇ ಅಚ್ಚಾಯಿತು ಎಂದಲ್ಲ. ಇಸವಿಯೇ ಇಲ್ಲದ ನೆಲ್ಸನ್ ಪ್ರತಿಗೆ 1352ರ ಫಸಲಿ ಮೊಹರು ಬಿದ್ದಿದ್ದರೆ 'ಇದಕ್ಕಿಂತ ಈಚಿನದಲ್ಲ' ಎಂಬ ಗಡಿ ಸಿಕ್ಕಿತು, ಅಷ್ಟು ಸಾಕು.

ಇನ್ನು ಪೆನ್ಸಿಲಿನಲ್ಲೋ ರಬ್ಬರ್ ಮೊಹರಿನಲ್ಲೋ ಹಾಕಿದ ಬೆಲೆ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಇಲ್ಲಿ 'ಕಲ್ದಾರ್' ಎನ್ನುತ್ತಿದ್ದರು, ನಿಜಾಮರ ರೂಪಾಯಿಗೆ 'ಹಾಲಿ ಸಿಕ್ಕಾ'. 6 ಕಲ್ದಾರ್ ರೂಪಾಯಿಗೆ 7 ಹಾಲಿ ರೂಪಾಯಿ. ಆಗ ಒಂದು ಕಲ್ದಾರ್ ರೂಪಾಯಿ ಎಂದರೆ 18 ಪೆನ್ನಿ, ಅಂದರೆ 9 ಪೆನ್ನಿಯ ಪೆಂಗ್ವಿನ್‌ಗೆ ಲೆಕ್ಕದಲ್ಲಿ 8 ಆಣೆ ಕಲ್ದಾರ್, ಹಾಲಿಯಲ್ಲಿ 9 ಆಣೆ 4 ಪೈ. ಹಡಗಿನ ಖರ್ಚು, ಅಂಗಡಿಯ ಲಾಭ ಸೇರಿ ಮಾರಿದ ಬೆಲೆ ಇದಕ್ಕಿಂತ ಮೇಲೆಯೇ ಇರುತ್ತದೆ. ಬೆಲೆಯ ಪಕ್ಕ 'ಓ ಎಸ್' ಎಂಬ ಎರಡು ಇಂಗ್ಲಿಷ್ ಅಕ್ಷರ ಕಂಡರೆ ಅದು ಉಸ್ಮಾನಿಯಾ ಸಿಕ್ಕಾ, ಹಾಲಿಯದೇ ಇನ್ನೊಂದು ಹೆಸರು. ಇಂಥ ಪೆನ್ಸಿಲ್ ಗುರುತನ್ನು ಕೊಳಕೆಂದು ರಬ್ಬರ್ ಹಾಕಿ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ. ಪುಸ್ತಕ ಈ ರಾಜ್ಯದೊಳಗೆ ಮಾರಾಟವಾಯಿತು ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಹಿಂಬದಿಯ ರಟ್ಟಿನ ಒಳಮೈಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಚೀಟಿ ಇದೆಯೇ ನೋಡಿ. ಮುಂಬಯಿಯ ಥ್ಯಾಕರ್, ತಾರಾಪೋರವಾಲಾ, ಮದ್ರಾಸಿನ ಹಿಗಿನ್‌ಬಾಥಮ್ಸ್, ರೈಲ್ವೆ ಸ್ಟೇಷನ್ನಿನ ವೀಲರ್, ಹೀಗೆ ಅಂಗಡಿಗಳ ಹೆಸರು ಇರುತ್ತದೆ. ಮುಂಬಯಿ–ಮದ್ರಾಸ್ ರೈಲುದಾರಿ ಕಲಬುರಗಿ, ವಾಡಿ, ಯಾದಗಿರಿಯ ಮೇಲೆಯೇ ಹಾಯ್ದಿದೆ, ವಾಡಿಯಲ್ಲಿ ನಿಜಾಮರ ರೈಲು ಅದಕ್ಕೆ ಕೂಡುತ್ತಿತ್ತು. ಪುಸ್ತಕಗಳು ಬಂದ ದಾರಿಯೂ ಹೆಚ್ಚಾಗಿ ಅದೇ. ಮುಂಬಯಿಯ ಚೀಟಿ, ಉರ್ದು ಮೊಹರು, ಒಳಗೆ ಕನ್ನಡದಲ್ಲಿ ಸಹಿ, ಮೂರೂ ಒಂದೇ ಪ್ರತಿಯಲ್ಲಿದ್ದರೆ ಬೆನ್ನು ಹರಿದಿದ್ದರೂ ನಾನು ಬಿಡುವುದಿಲ್ಲ.

ಹಂತ 5: ಪುಸ್ತಕ ಪೂರ್ತಿ ಇದೆಯೇ

ಪುಟಸಂಖ್ಯೆ ಎಣಿಸಿದರೆ ಸಾಲದು. ಪುಸ್ತಕವನ್ನು ಫಾರಂಗಳಾಗಿ ಅಚ್ಚುಹಾಕುತ್ತಾರೆ. ಫಾರಂ ಎಂದರೆ ಒಂದೇ ದೊಡ್ಡ ಹಾಳೆಯನ್ನು ಮಡಚಿದಾಗ ಆಗುವ 16 ಅಥವಾ 32 ಪುಟಗಳ ಕಟ್ಟು. ಹಲವು ಬ್ರಿಟಿಷ್ ಪುಸ್ತಕಗಳಲ್ಲಿ ಪ್ರತಿ ಫಾರಮ್ಮಿನ ಮೊದಲ ಪುಟದ ಅಡಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ ಇರುತ್ತದೆ: ಎ, ಬಿ, ಸಿ ಹೀಗೆ. ಅವನ್ನು ಸಾಲಾಗಿ ನೋಡಿ. 'ಐ' ಆದ ಮೇಲೆ 'ಜೆ' ಇಲ್ಲದೆ 'ಕೆ' ಬಂದರೆ ಪುಟ ಕಳೆದಿಲ್ಲ. ಹಳೆಯ ಮುದ್ರಕರು 'ಜೆ', 'ವಿ', 'ಡಬ್ಲ್ಯು' ಬಿಟ್ಟೇ ಎಣಿಸುತ್ತಿದ್ದರು. ಗೊತ್ತಿಲ್ಲದವರು ಒಳ್ಳೆಯ ಪ್ರತಿಯನ್ನು ಇದೇ ಕಾರಣಕ್ಕೆ ಕೈಬಿಡುತ್ತಾರೆ.

ಪೆಂಗ್ವಿನ್‌ನಲ್ಲಿ ಜಾಹೀರಾತಿನ ಹಾಳೆಗಳೂ ಪುಸ್ತಕದ ಭಾಗ. ಹರಿದು ತೆಗೆದಿದ್ದರೆ ಪ್ರತಿ ಅಪೂರ್ಣ. ಜಾಕೆಟ್ ಇದ್ದರೆ ಅದರ ಒಳಮೈಯನ್ನೂ ನೋಡಿ. ಕಾಗದ ಉಳಿಸಲು ಬೇರೊಂದು ಪುಸ್ತಕದ ಉಳಿಕೆ ಜಾಕೆಟ್ಟಿನ ಹಿಂಬದಿಗೆ ಅಚ್ಚುಹಾಕಿದ್ದೂ ಉಂಟು. ಅಂಥದು ಸಿಕ್ಕರೆ ಅದೃಷ್ಟ.

ಹಂತ 6: ಸ್ಥಿತಿ ಅಳೆಯುವುದು

ಯುದ್ಧಕಾಲದ ಕಾಗದದಲ್ಲಿ ಯಂತ್ರದಲ್ಲಿ ಅರೆದ ಮರದ ತಿರುಳು, ಒಣಹುಲ್ಲು, ಹಳೆಯ ರದ್ದಿ ಸೇರಿರುತ್ತಿತ್ತು. ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ಗಾಳಿ ಬೆಳಕಿಗೆ ಕಂದಾಗುತ್ತದೆ. ಕಾಗದಕ್ಕೆ ಬಳಸಿದ ಪಟಿಕದಿಂದ ಹುಳಿ, ಅಂದರೆ ಆಮ್ಲ, ಉಂಟಾಗಿ ನಾರು ತುಂಡಾಗುತ್ತ ಹೋಗುತ್ತದೆ. ಬಿಸಿಲು ಹೆಚ್ಚಿದ್ದಷ್ಟೂ ಈ ಕೆಲಸ ಬೇಗ, ನಮ್ಮ ಬೇಸಿಗೆಯಂತೂ ಕೇಳುವುದೇ ಬೇಡ. ಮುಂದುವರಿದ ಹಂತದಲ್ಲಿ ಪುಟ ಕಡಕ್ ರೊಟ್ಟಿಯಂತೆ ಮುರಿಯುತ್ತದೆ.

ಗ್ರಂಥಪಾಲಕರಲ್ಲಿ ಪುಟದ ಮೂಲೆಯನ್ನು ಹಿಂದೆ ಮುಂದೆ ಮಡಚಿ ನೋಡುವ ಪರೀಕ್ಷೆಯೊಂದಿದೆ. ನೀವು ಕೊಳ್ಳಲಿರುವ ಪ್ರತಿಯ ಮೇಲೆ ಅದನ್ನು ಮಾಡಬೇಡಿ, ಮೂಲೆ ಕಿತ್ತು ಬಂದರೆ ಅಂಗಡಿಯಾತ ಸುಮ್ಮನಿರುವುದಿಲ್ಲ. ಪುಸ್ತಕವನ್ನು ಅಂಗೈ ಮೇಲೆ ಅರ್ಧ ತೆರೆದು ನಡುವಿನ ಪುಟವೊಂದನ್ನು ಮೆಲ್ಲಗೆ ಬಾಗಿಸಿ. ಬಳುಕಿದರೆ ಜೀವ ಇದೆ. ಬಿಗಿಯಾಗಿ ನಿಂತು ಅಂಚಿನಿಂದ ಪುಡಿ ಉದುರಿದರೆ ಓದುವ ಪ್ರತಿಯಾಗಿ ಅದು ಮುಗಿದ ಕತೆ.

ನಂತರ ಪಿನ್ನುಗಳು. ನಡುಪುಟ ತೆರೆದು ಟಾರ್ಚ್ ಹಾಕಿ. ತುಕ್ಕು ಪಿನ್ನಿಗಷ್ಟೇ ಇದ್ದರೆ ಚಿಂತೆಯಿಲ್ಲ, ಸುತ್ತಲ ಕಾಗದ ಕೆಂಪಾಗಿ ತೂತು ಬಿದ್ದಿದ್ದರೆ ಮಧ್ಯದ ಹಾಳೆಗಳು ಸದ್ಯದಲ್ಲೇ ಕಳಚುತ್ತವೆ. ಬೆನ್ನಿನ ಒಳಗೆ ಮಣ್ಣಿನ ಸಣ್ಣ ಗೆರೆ ಕಂಡರೆ ಗೆದ್ದಲು ಹಾದಿದೆ. ಪುಟದ ಮೇಲಿನ ಕಂದು ಚುಕ್ಕೆ ತೇವದಿಂದ ಬಂದದ್ದು, ನೋಡಲು ಕೆಟ್ಟದು, ಆದರೆ ಪುಸ್ತಕವನ್ನು ಕೊಲ್ಲುವುದಿಲ್ಲ. ಬೂಷ್ಟಿನ ವಾಸನೆ ಮಾತ್ರ ಬೇರೆ ಮಾತು. ಅಂಥ ಪ್ರತಿಯನ್ನು ಮಿಕ್ಕ ಪುಸ್ತಕಗಳ ಪಕ್ಕ ಇಡಲೇಬೇಡಿ.

ಹಂತ 7: ಬೆಲೆ

ಇದರ ಬಗ್ಗೆ ಹೆಚ್ಚು ಪತ್ರ ಬರುತ್ತವೆ, ಹೇಳಬೇಕಾದ್ದು ಕಡಿಮೆ. ಲಕ್ಷಗಟ್ಟಲೆ ಅಚ್ಚಾದ ಪುಸ್ತಕ ಹಳೆಯದಾದ ಮಾತ್ರಕ್ಕೆ ದುಬಾರಿಯಾಗುವುದಿಲ್ಲ. ಬೆಲೆ ಏರಿಸುವ ಸಂಗತಿಗಳು ಕೆಲವೇ: ಹರಿಯದ ಜಾಕೆಟ್, ಸೇನಾ ಆವೃತ್ತಿಯ ಒಳ್ಳೆಯ ಪ್ರತಿ, ಹೆಸರಾಂತ ವ್ಯಕ್ತಿಯದೆಂದು ಖಚಿತವಾಗಿ ತೋರಿಸಬಲ್ಲ ಸಹಿ. ಮಿಕ್ಕದ್ದೆಲ್ಲ ಓದುವ ಪ್ರತಿ.

ಅಂತರ್ಜಾಲದಲ್ಲಿ ಯಾರೋ ಒಬ್ಬರು ಹತ್ತು ಸಾವಿರ ಕೇಳಿದ್ದಾರೆ ಎಂದರೆ ಅದು ಅವರ ಆಸೆ. ಕೇಳಿದ ಬೆಲೆ ಬೇರೆ, ಮಾರಿದ ಬೆಲೆ ಬೇರೆ. ಹರಾಜು ತಾಣಗಳಲ್ಲಿ ಮಾರಾಟ ಮುಗಿದ ಪಟ್ಟಿಯನ್ನೇ ತೆರೆದು, ಅದೇ ಮಾಲೆ, ಅದೇ ವರ್ಷ, ಜಾಕೆಟ್ ಇದೆಯೋ ಇಲ್ಲವೋ ಎಂದು ಹೋಲಿಸಿ. ಪೌಂಡಿನಲ್ಲಿರುವ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಕಲಬುರಗಿಯಲ್ಲಿ ಹೇಳಿದರೆ ಕೊಳ್ಳುವವರು ನಗುತ್ತಾರೆ. ಜಾಕೆಟ್ ಇಲ್ಲದ ಎವ್ರಿಮನ್ ಅಥವಾ ನೆಲ್ಸನ್ ಪ್ರತಿಗೆ ಹೊಸ ಪೇಪರ್‌ಬ್ಯಾಕ್ ಬೆಲೆಗಿಂತ ಹೆಚ್ಚು ಕೊಡಬೇಡಿ ಎಂಬುದು ನನ್ನ ಲೆಕ್ಕ. ಹಾಲಿ ಸಿಕ್ಕಾದ ಗುರುತು, ಫಸಲಿ ಮೊಹರು ಇದ್ದರೆ ನನ್ನ ಕೈ ಸ್ವಲ್ಪ ಸಡಿಲ. ಆದರೆ ಅದು ನನ್ನ ಹುಚ್ಚು, ಪೇಟೆಯಲ್ಲಿ ಅದಕ್ಕೆ ಬೆಲೆ ಇಲ್ಲ. ಮಕ್ಕಳ ಓದಿಗೆ ಆದೀತು ಎಂದು ದುಡ್ಡು ಹಾಕಿ ಕೂಡಿಡುವ ವಸ್ತುವಂತೂ ಇದಲ್ಲ. ಅದಕ್ಕೆ ಬ್ಯಾಂಕಿದೆ.

ಹಂತ 8: ಮನೆಗೆ ತಂದ ಮೇಲೆ

ಮೊದಲ ಕೆಲಸ ಬೇರೆ ಇಡುವುದು. ಹುಳ ಇರುವ ಅನುಮಾನ ಇದ್ದರೆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದಂತೆ ಕಟ್ಟಿ ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಮೈನಸ್ 18 ಡಿಗ್ರಿ ಬರುವಂಥ ಫ್ರೀಜರ್ ಆಗಿದ್ದರೆ, ಎರಡು ವಾರ ಇಡಿ. ಹೊರತೆಗೆದ ಕೂಡಲೇ ಚೀಲ ಬಿಚ್ಚಬೇಡಿ. ಇಡೀ ದಿನ ಹಾಗೇ ಬಿಟ್ಟು ತಂಪು ಇಳಿದ ಮೇಲೆ ಬಿಚ್ಚಿದರೆ ಪುಟಕ್ಕೆ ನೀರಿನ ಪಸೆ ತಗಲುವುದಿಲ್ಲ. ಮೇ ಬಿಸಿಲಿಗೆ ಮಾಳಿಗೆ ಮೇಲೆ ಹರವಿ ಹುಳ ಓಡಿಸುವುದು ನಮ್ಮಲ್ಲಿ ರೂಢಿ. ಜೋಳಕ್ಕೆ ಅದು ಸರಿ, ಈ ಕಾಗದಕ್ಕೆ ವಿಷ.

ಬೈಂಡಿಂಗ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚು ಪುಸ್ತಕ ಹಾಳಾಗುವುದು ಅಲ್ಲೇ. ನಮ್ಮ ಊರಿನ ಬೈಂಡರುಗಳು ಕಚೇರಿ ರಜಿಸ್ಟರು, ವಕೀಲರ ಕಾನೂನು ಪುಸ್ತಕ ಕಟ್ಟುವುದರಲ್ಲಿ ನಿಪುಣರು. ಅವರ ಕೈಗೆ ಯುದ್ಧಕಾಲದ ಪ್ರತಿ ಕೊಟ್ಟರೆ ಏನಾಗುತ್ತದೆ ನೋಡಿ. ಮೊದಲು ಹೊದಿಕೆ ಕಿತ್ತು ಪಕ್ಕಕ್ಕೆ ಹೋಗುತ್ತದೆ, ಅದರೊಡನೆ ಮಾಲೆಯ ಸಂಖ್ಯೆ, ಬೆಲೆ, ಜಾಹೀರಾತು ಎಲ್ಲ ಹೋದವು. ಆಮೇಲೆ ಬೆನ್ನಿನ ಪಕ್ಕದಲ್ಲಿ ದಬ್ಬಣ ಹಾಕಿ ಪಕ್ಕಹೊಲಿಗೆ ಹೊಲಿಯುತ್ತಾರೆ. ಮೊದಲೇ ಕಿರಿದಾದ ಒಳ ಅಂಚು ನುಂಗಿಹೋಗಿ ಸಾಲಿನ ಕೊನೆಯ ಅಕ್ಷರ ಕಾಣುವುದಿಲ್ಲ, ಬಲವಂತವಾಗಿ ತೆರೆದರೆ ಕಾಗದ ಹೊಲಿಗೆಯ ಗುಂಟ ಮುರಿಯುತ್ತದೆ. ಕೊನೆಗೆ ನೀಟಾಗಿ ಕಾಣಲೆಂದು ಮೂರೂ ಕಡೆ ಅಂಚು ಕತ್ತರಿಸುತ್ತಾರೆ. ಅಂಚೇ ಇಲ್ಲದ ಪುಸ್ತಕದಲ್ಲಿ ಕತ್ತರಿಸುವುದೇನನ್ನು? ಪುಟಸಂಖ್ಯೆಯನ್ನು, ಕೆಲವೊಮ್ಮೆ ಸಾಲನ್ನೇ. ತಪ್ಪು ಬೈಂಡರರದ್ದಲ್ಲ, ರಜಿಸ್ಟರಿನ ಕೆಲಸವನ್ನು ಕಾದಂಬರಿಗೆ ಹೇಳಿದವರದ್ದು. ಕಳಚಿದ ಪ್ರತಿಯನ್ನು ಹತ್ತಿಯ ಅಗಲ ಲಾಡಿಯಿಂದ ಸುಮ್ಮನೆ ಕಟ್ಟಿ, ಆಮ್ಲರಹಿತ ಕಾಗದದ ಲಕೋಟೆಯಲ್ಲಿಡಿ. ಲಾಡಿ ಬಿಚ್ಚಿದರೆ ಪುಸ್ತಕ ಹೇಗಿತ್ತೋ ಹಾಗೇ ಇರುತ್ತದೆ.

ಅದೇ ಕಾರಣಕ್ಕೆ ಸೆಲ್ಲೋಟೇಪ್ ಬೇಡ, ಫೆವಿಕಾಲ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ತುಕ್ಕು ಹಿಡಿದ ಪಿನ್ನನ್ನು ನೀವೇ ಎಳೆಯಬೇಡಿ, ಕಾಗದವೂ ಜೊತೆಗೆ ಬರುತ್ತದೆ.

ಇಡುವ ಜಾಗ: ಅಟ್ಟ ಬೇಡ, ಮಾಳಿಗೆಯ ಕೆಳಗಿನ ಬಿಸಿಲು ಅಲ್ಲೇ ತುಂಬಿಕೊಳ್ಳುತ್ತದೆ. ಹಳೆಯ ಮನೆಗಳ ಗೋಡೆಯ ಗೂಡೂ ಬೇಡ. ಬೇಸಿಗೆಯಲ್ಲಿ ತಂಪಾಗಿದ್ದರೂ ಮಳೆಗಾಲದಲ್ಲಿ ಹೊರಗೋಡೆಯ ಹಸಿ ಅಲ್ಲಿಗೇ ಇಳಿಯುತ್ತದೆ. ಒಳಕೋಣೆಯಲ್ಲಿ ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿದ ಸ್ಟೀಲ್ ಅಲ್ಮಾರಿ ಸಾಕು. ಕಾಲಿನ ಕೆಳಗೆ ಗೆದ್ದಲಿನ ಗೆರೆ ಕಂಡೀತೇ ಎಂದು ಮಳೆಗಾಲದಲ್ಲಿ ಆಗಾಗ ಬಗ್ಗಿ ನೋಡಿ. ಒಣಗಿಸಿದ ಬೇವಿನ ಎಲೆಯನ್ನು ಬಟ್ಟೆಗಂಟಿನಲ್ಲಿ ಮೂಲೆಗಿಡಬಹುದು, ಪುಟಗಳ ನಡುವೆ ಇಡಬೇಡಿ, ಕಲೆಯಾಗುತ್ತದೆ.

ಹಂತ 9: ದಾಖಲೆ

ಪ್ರತಿ ಪುಸ್ತಕಕ್ಕೂ ಒಂದು ಚೀಟಿ ಬರೆದಿಡಿ. ಪುಸ್ತಕದ ಮೇಲೆ ಬರೆಯಬೇಡಿ. ಲೇಖಕ, ಶೀರ್ಷಿಕೆಯ ಕೆಳಗೆ ಹೀಗೆ:

ಎವ್ರಿಮನ್ ಮಾಲೆ. ಕೊನೆಯ ಮರುಮುದ್ರಣ 1943. ಸಿಂಹದ ಗುರುತು ಇದೆ. ಜಾಕೆಟ್ ಇಲ್ಲ. ಫಾರಂ ಅಕ್ಷರಗಳು ಪೂರ್ತಿ. ಕಾಗದ ಕಂದು, ಬಳುಕುತ್ತದೆ. ಹಿಂದಿನ ರಟ್ಟಿನ ಒಳಗೆ ಮುಂಬಯಿ ಅಂಗಡಿಯ ಚೀಟಿ. ಮೊದಲ ಖಾಲಿ ಹಾಳೆಯಲ್ಲಿ ಪೆನ್ಸಿಲ್ ಬೆಲೆ, ಹಾಲಿ ಸಿಕ್ಕಾ. ಶೀರ್ಷಿಕೆ ಪುಟದಲ್ಲಿ ಉರ್ದು ಮೊಹರು, 1353 ಫಸಲಿ. ಸಿಕ್ಕಿದ್ದು ಕಲಬುರಗಿ, ರದ್ದಿಯಲ್ಲಿ, ಇಂಥ ತಿಂಗಳು.

ಮೊಹರು, ಸಹಿ, ಚೀಟಿ, ಮುದ್ರಣದ ಇತಿಹಾಸದ ಪುಟ, ಈ ನಾಲ್ಕಕ್ಕೆ ಫೋಟೊ ತೆಗೆದಿಡಿ. ಯಾವ ಮನೆಯಿಂದ ಬಂತು ಎಂಬುದು ಗೊತ್ತಿದ್ದರೆ ಅದನ್ನೂ ಬರೆಯಿರಿ, ಆ ಮನೆಯವರ ಒಪ್ಪಿಗೆ ಇಲ್ಲದೆ ಹೊರಗೆ ಹೇಳಬೇಡಿ. ನನಗೆ ಕಳಿಸುವವರೂ ಈ ನಾಲ್ಕು ಫೋಟೊಗಳನ್ನೇ ಕಳಿಸಿ. ಮುಖಪುಟದ ಫೋಟೊ ಒಂದರಿಂದ ವರ್ಷ ಹೇಳಲು ನನ್ನಿಂದಾಗದು.